ಅನ್ಯರ ನಂಬಿಕೆಯನ್ನು ಅರಿಯುವ ಬಗೆ

ದೇವರು, ದೈವ, ಹಿರಿಯರ ಆತ್ಮ, ಮಾಟ, ಹರಕೆ ಇವುಗಳ ಬಗ್ಗೆ ಒಂದು ಸಮುದಾಯದ ಜನ ನಂಬಿಕೊಂಡು ಬಂದದ್ದನ್ನು ಆ ನಂಬಿಕೆಯಿಲ್ಲದ ಹೊರಗಿನವರು ನಿಜವಾಗಿ ಅರಿಯಬಲ್ಲರೇ? ಅರಿಯಬೇಕಾದರೆ ಅವರೂ ನಂಬಬೇಕೇ? ನಂಬಿದ ಮೇಲೆ ಅದು ಅಧ್ಯಯನವಾಗಿ ಉಳಿಯುತ್ತದೆಯೇ? ಧರ್ಮದ ಬಗೆಗಿನ ತತ್ತ್ವಚಿಂತನೆಯಲ್ಲಿ ಈ ಪ್ರಶ್ನೆಗಳು ಹಳೆಯವು. ಕಳೆದ ನೂರು ವರ್ಷಗಳಲ್ಲಿ ಅವುಗಳಿಗೆ ಹೊಸ ಕಾವು ಬಂದದ್ದು ಎಥ್ನೋಗ್ರಫಿ ಎಂಬ ಅಧ್ಯಯನ ವಿಧಾನದಿಂದ. ಕನ್ನಡದಲ್ಲಿ ಇದನ್ನು ಜನಾಂಗ ಅಧ್ಯಯನ ಎನ್ನುತ್ತಾರೆ. ಸರ್ಕಾರಿ ವರದಿಗಳಲ್ಲಿ ಕುಲಶಾಸ್ತ್ರೀಯ ಅಧ್ಯಯನ ಎಂಬ ಹೆಸರು ಬಳಕೆಯಲ್ಲಿದೆ. ಅಧ್ಯಯನಕಾರರು ಒಂದು ಜನಸಮುದಾಯದ ನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೆಲೆಸಿ, ಅವರ ಭಾಷೆ ಕಲಿತು, ಅವರ ಕೆಲಸ, ಊಟ, ಜಗಳ, ಹಬ್ಬ, ಸಾವುಗಳಲ್ಲಿ ಜೊತೆಗಿದ್ದು, ಕಂಡದ್ದನ್ನೂ ಕೇಳಿದ್ದನ್ನೂ ದಿನದಿನವೂ ಬರೆದಿಟ್ಟು, ಆ ಬದುಕಿನ ಒಳತರ್ಕವನ್ನು ಓದುಗರಿಗೆ ಕಾಣಿಸುವುದು ಇದರ ಕ್ರಮ. ಈ ಜೊತೆಯಿರುವಿಕೆಗೆ ಕ್ಷೇತ್ರಕಾರ್ಯ ಎಂದು ಹೆಸರು.

ಕೃಷಿಯ ಪದ್ಧತಿಯನ್ನೋ ಮದುವೆಯ ಸಂಬಂಧಗಳನ್ನೋ ಹೀಗೆ ಅಭ್ಯಾಸ ಮಾಡುವಾಗ ಏಳದ ತೊಡಕು ಧರ್ಮದ ವಿಷಯದಲ್ಲಿ ಏಳುತ್ತದೆ. ನೇಗಿಲು ಇಬ್ಬರ ಕಣ್ಣಿಗೂ ಕಾಣುತ್ತದೆ. ದೈವ ಒಬ್ಬರ ಪಾಲಿಗೆ ಎದುರಿಗೇ ಇದೆ, ಇನ್ನೊಬ್ಬರ ಪಾಲಿಗೆ ಇಲ್ಲವೇ ಇಲ್ಲ. ಈ ಅಂತರವನ್ನು ಜನಾಂಗ ಅಧ್ಯಯನ ಹೇಗೆ ಎದುರಿಸಿದೆ, ಅದರಿಂದ ಧರ್ಮದ ತಿಳಿವಳಿಕೆಗೆ ಏನು ದಕ್ಕಿದೆ ಎಂಬುದು ಈ ಲೇಖನದ ವಿಷಯ.

ದೂರದಿಂದ ಕಂಡ ಧರ್ಮ

19ನೇ ಶತಮಾನದ ಉತ್ತರಾರ್ಧದಲ್ಲಿ ಮಾನವಶಾಸ್ತ್ರ ಒಂದು ಶಿಸ್ತಾಗಿ ರೂಪುಗೊಂಡಾಗ ಅದರ ಮೊದಲ ಆಚಾರ್ಯರು ಬಹುಮಟ್ಟಿಗೆ ಗ್ರಂಥಾಲಯದಲ್ಲಿ ಕುಳಿತು ಬರೆದವರು. ಇಂಗ್ಲೆಂಡಿನ ಎಡ್ವರ್ಡ್ ಟೈಲರ್ 1871ರಲ್ಲಿ ಪ್ರಕಟಿಸಿದ ‘ಪ್ರಿಮಿಟಿವ್ ಕಲ್ಚರ್’ ಗ್ರಂಥದಲ್ಲಿ ಆತ್ಮಗಳಂಥ ಅಶರೀರ ಜೀವಿಗಳಲ್ಲಿ ಇಡುವ ನಂಬಿಕೆಯೇ ಧರ್ಮದ ಮೂಲವೆಂದರು. ಜೇಮ್ಸ್ ಫ್ರೇಜರ್ 1890ರಿಂದ ಹಲವು ಸಂಪುಟಗಳಾಗಿ ಬೆಳೆಸಿದ ‘ದ ಗೋಲ್ಡನ್ ಬೌ’ ಗ್ರಂಥ ಮನುಷ್ಯನ ಬುದ್ಧಿ ಮಾಂತ್ರಿಕತೆಯಿಂದ ಧರ್ಮಕ್ಕೆ, ಧರ್ಮದಿಂದ ವಿಜ್ಞಾನಕ್ಕೆ ಏರಿ ಬಂದಿದೆ ಎಂದು ವಾದಿಸಿತು. ಮಿಷನರಿಗಳು, ವರ್ತಕರು, ವಸಾಹತು ಅಧಿಕಾರಿಗಳು ಬರೆದು ಕಳಿಸಿದ ವರದಿಗಳೇ ಇಬ್ಬರಿಗೂ ಮುಖ್ಯ ಆಧಾರ. ಇಬ್ಬರ ಹಿಂದೆಯೂ ಇದ್ದ ಗ್ರಹಿಕೆ ಒಂದೇ: ಆಚರಣೆಯೆಂದರೆ ಲೋಕದ ಬಗೆಗಿನ ಒಂದು ಸಿದ್ಧಾಂತ, ಅದೂ ತಪ್ಪು ಸಿದ್ಧಾಂತ. ಮಳೆಗಾಗಿ ಪೂಜೆ ಮಾಡುವವರು ಮಳೆಯ ಕಾರಣ ತಿಳಿಯದವರು. ತಿಳಿದ ದಿನ ಪೂಜೆ ತಾನಾಗಿ ನಿಲ್ಲುತ್ತದೆ.

ಕನ್ನಡ ಮತ್ತು ತುಳು ನಾಡುಗಳ ಬಗ್ಗೆಯೂ ಈ ಬಗೆಯ ದಾಖಲೆಗಳು ಹುಟ್ಟಿದವು. ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಹಿಂದೂಗಳ ಆಚಾರ ವಿಚಾರಗಳ ಕುರಿತ ತನ್ನ ಹಸ್ತಪ್ರತಿಯನ್ನು 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗಕ್ಕೆ ಅವನಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಕೂರ್ದೂ ಬರೆದಿಟ್ಟದ್ದೇ ಮೂಲವೆಂದು 1987ರಲ್ಲಿ ಸಿಲ್ವಿಯಾ ಮುರ್ ಎಂಬ ವಿದುಷಿ ತೋರಿಸಿಕೊಟ್ಟರು. ಜನರ ನಡುವೆ ಅವರಂತೆಯೇ ಉಡುಪು ತೊಟ್ಟು ಬಾಳಿದ ಲೇಖಕನ ಪುಸ್ತಕವೂ ಇತರರ ಕಾಗದಗಳಿಂದ ಕಟ್ಟಿದ್ದಾಗಿರಬಹುದು ಎಂಬುದಕ್ಕೆ ಇದು ಸಾಕ್ಷಿ. ಮದ್ರಾಸ್ ಪ್ರಾಂತ್ಯದ ಅಧಿಕಾರಿ ಎ. ಸಿ. ಬರ್ನೆಲ್ ಸಂಗ್ರಹಿಸಿದ ತುಳುನಾಡಿನ ಪಾಡ್ದನಗಳೆಂಬ ಕಥನಗೀತೆಗಳು ಮತ್ತು ಆರಾಧನೆಯ ವಿವರಗಳು ಅವನು ತೀರಿಕೊಂಡ ಮೇಲೆ, 1894ರಿಂದ, ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಬಂದವು. ಅವುಗಳಿಗೆ ಇಟ್ಟ ತಲೆಬರಹ ತುಳುವರ ಪಿಶಾಚಾರಾಧನೆ ಎಂದು. ದಾಖಲೆಯಾಗಿ ಆ ಸಂಗ್ರಹಕ್ಕೆ ಇಂದಿಗೂ ಬೆಲೆಯಿದೆ. ಆದರೆ ಯಾವ ದೈವದ ಮುಂದೆ ಊರಿನ ವ್ಯಾಜ್ಯ ತೀರುತ್ತದೋ, ಯಾವ ದೈವದ ಕಥೆಯಲ್ಲಿ ಅನ್ಯಾಯಕ್ಕೊಳಗಾಗಿ ಸತ್ತವರು ಮತ್ತೆ ಮಾತಾಡುತ್ತಾರೋ ಆ ದೈವವನ್ನು ಪಿಶಾಚಿಯ ಲೆಕ್ಕಕ್ಕೆ ಸೇರಿಸಿದ ಮೇಲೆ ಆ ಆರಾಧನೆಯ ಮುಕ್ಕಾಲು ಅರ್ಥ ಕೈತಪ್ಪಿಹೋಗುತ್ತದೆ.

ಊರಿನ ನಡುವೆ ಬಿಡಾರ

ಈ ಕ್ರಮವನ್ನು ಮುರಿದವರಲ್ಲಿ ಹೆಚ್ಚು ಹೆಸರಾದವನು ಬ್ರೊನಿಸ್ಲಾವ್ ಮಾಲಿನೋಸ್ಕಿ. ಪೋಲೆಂಡಿನ ಕ್ರಾಕೋದಲ್ಲಿ ಹುಟ್ಟಿದ ಈತ ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಿಂದ 1918ರ ನಡುವೆ, ನ್ಯೂಗಿನಿಯ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಎರಡು ಅವಧಿ ನೆಲೆಸಿದ. ಹಳ್ಳಿಯ ಮಧ್ಯೆ ಗುಡಾರ ಹೂಡಿ, ದುಭಾಷಿಯ ನೆರವಿಲ್ಲದೆ ಮಾತಾಡುವಷ್ಟು ಭಾಷೆ ಕಲಿತ. ಆ ಜನರ ದೃಷ್ಟಿಯನ್ನು, ಅವರು ಕಂಡಂತೆ ಅವರ ಲೋಕವನ್ನು ಹಿಡಿಯುವುದೇ ಅಧ್ಯಯನದ ಗುರಿಯೆಂದು 1922ರ ‘ಆರ್ಗೊನಾಟ್ಸ್ ಆಫ್ ದ ವೆಸ್ಟರ್ನ್ ಪೆಸಿಫಿಕ್’ ಗ್ರಂಥದ ಪೀಠಿಕೆಯಲ್ಲಿ ಸಾರಿದ.

ಮಾಂತ್ರಿಕತೆಯ ಬಗ್ಗೆ ಮಾಲಿನೋಸ್ಕಿ ಕಂಡುಕೊಂಡದ್ದು ಫ್ರೇಜರನ ಲೆಕ್ಕಾಚಾರವನ್ನು ತಲೆಕೆಳಗು ಮಾಡುವಂಥದ್ದು. ದ್ವೀಪದ ಒಳಗಿನ ಹಿನ್ನೀರಿನಲ್ಲಿ ಮೀನು ಹಿಡಿಯುವುದು ಸುಲಭ. ಅಲ್ಲಿ ಅಪಾಯವಿಲ್ಲ, ಫಲವೂ ಖಚಿತ. ಆ ಕೆಲಸಕ್ಕೆ ಯಾವ ಮಂತ್ರವೂ ಇರಲಿಲ್ಲ. ತೆರೆದ ಕಡಲಿಗೆ ದೋಣಿ ಇಳಿಸುವಾಗ ಮಾತ್ರ ವಿಸ್ತಾರವಾದ ಮಾಂತ್ರಿಕ ವಿಧಿಗಳು ನಡೆಯುತ್ತಿದ್ದವು. ತೋಟದ ಕೆಲಸದಲ್ಲೂ ಅಷ್ಟೇ: ಮಣ್ಣಿನ ಗುಣ, ಬೀಜದ ಆಯ್ಕೆ, ಕಳೆ ಕೀಳುವ ಹೊತ್ತು ಎಲ್ಲವೂ ಅವರಿಗೆ ಚೆನ್ನಾಗಿ ಗೊತ್ತು, ಮಂತ್ರವಿದೆಯೆಂದು ಯಾರೂ ಕಳೆ ಕೀಳುವುದನ್ನು ಬಿಡುವವರಲ್ಲ. ಅಂದರೆ ಮಂತ್ರ ಅಜ್ಞಾನದ ಕೂಸಲ್ಲ. ಮನುಷ್ಯನ ತಿಳಿವಳಿಕೆ ಮತ್ತು ಶ್ರಮ ಮುಗಿದು ಅದೃಷ್ಟದ ಸೀಮೆ ಶುರುವಾಗುವ ಕಡೆ ಅದು ಕಾಲಿಡುತ್ತದೆ. ದೂರದ ಗ್ರಂಥಾಲಯದಲ್ಲಿ ಕುಳಿತವರಿಗೆ ಈ ಗಡಿರೇಖೆ ಕಾಣುವಂತಿರಲಿಲ್ಲ. ದಿನವೂ ದೋಣಿಗಳ ಬಳಿ ಇದ್ದವನಿಗೆ ಕಂಡಿತು.

ಅಜಾಂಡೆಯರ ಮಾಟ

ಧರ್ಮ ಮತ್ತು ತರ್ಕದ ಸಂಬಂಧವನ್ನು ಕುರಿತ ಚರ್ಚೆಗೆ ಎಲ್ಲಕ್ಕಿಂತ ಹೆಚ್ಚು ಸಾಮಗ್ರಿ ಒದಗಿಸಿದ ಕೃತಿ ಇ. ಇ. ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಪ್ರಕಟಿಸಿದ ‘ವಿಚ್‌ಕ್ರಾಫ್ಟ್, ಆರಕಲ್ಸ್ ಅಂಡ್ ಮ್ಯಾಜಿಕ್ ಅಮಂಗ್ ದ ಅಜಾಂಡೆ’. ಅಂದಿನ ಆಂಗ್ಲೋ-ಈಜಿಪ್ಟಿಯನ್ ಸುಡಾನಿನ ದಕ್ಷಿಣದಲ್ಲಿ ವಾಸವಾಗಿದ್ದ ಅಜಾಂಡೆ ಜನರ ನಡುವೆ ಅವರು 1920ರ ದಶಕದ ಕೊನೆಯಲ್ಲಿ ಕ್ಷೇತ್ರಕಾರ್ಯ ಮಾಡಿದರು. ಆ ಜನರ ದೃಷ್ಟಿಯಲ್ಲಿ ಮಾಟ ಅಪರೂಪದ ಸಂಗತಿಯಲ್ಲ. ಬೆಳೆ ಹಾಳಾದರೆ, ಬೇಟೆ ಸಿಗದಿದ್ದರೆ, ಕಾಯಿಲೆ ಬಿದ್ದರೆ ಮೊದಲು ನೆನಪಾಗುವುದೇ ಅದು. ಮಾಟದ ಶಕ್ತಿ ಕೆಲವರ ಹೊಟ್ಟೆಯೊಳಗೆ ಒಂದು ವಸ್ತುವಾಗಿರುತ್ತದೆ. ತಂದೆಯಿಂದ ಗಂಡುಮಕ್ಕಳಿಗೆ, ತಾಯಿಯಿಂದ ಹೆಣ್ಣುಮಕ್ಕಳಿಗೆ ಇಳಿದು ಬರುತ್ತದೆ. ಅದನ್ನು ಹೊತ್ತವರಿಗೇ ಅದು ಗೊತ್ತಿರಬೇಕೆಂದೇನೂ ಇಲ್ಲ.

ಇವಾನ್ಸ್-ಪ್ರಿಚರ್ಡ್ ಕೊಟ್ಟ ಕಣಜದ ಉದಾಹರಣೆ ಪ್ರಸಿದ್ಧ. ಅಜಾಂಡೆಯರ ನಾಡಿನಲ್ಲಿ ಕಂಬಗಳ ಮೇಲೆ ನಿಲ್ಲಿಸಿದ ಕಣಜದ ನೆರಳಿನಲ್ಲಿ ಜನ ಬಿಸಿಲಿನ ಹೊತ್ತು ಕೂರುತ್ತಾರೆ. ಒಮ್ಮೊಮ್ಮೆ ಕಣಜ ಕುಸಿದು ಕೆಳಗಿದ್ದವರಿಗೆ ಪೆಟ್ಟಾಗುತ್ತದೆ. ಗೆದ್ದಲು ಕಂಬ ತಿಂದದ್ದರಿಂದ ಅದು ಬಿದ್ದಿತೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಬಿಸಿಲಿಗೆ ಜನ ನೆರಳಿಗೆ ಹೋಗುತ್ತಾರೆಂಬುದೂ ಗೊತ್ತು. ಆದರೆ ಇದೇ ಜನ ಕುಳಿತಿದ್ದಾಗ, ಇದೇ ಗಳಿಗೆಗೆ ಅದು ಏಕೆ ಬಿತ್ತು? ಎರಡು ಕಾರಣಸರಣಿಗಳು ಒಂದೆಡೆ ಕೂಡಿದ್ದನ್ನು ವಿಜ್ಞಾನ ಆಕಸ್ಮಿಕವೆಂದು ಬಿಟ್ಟುಬಿಡುತ್ತದೆ. ಅಜಾಂಡೆಯರ ವಿವರಣೆ ಶುರುವಾಗುವುದೇ ಅಲ್ಲಿಂದ. ಗೆದ್ದಲಿನ ಜಾಗವನ್ನು ಮಾಟ ಕಸಿದುಕೊಳ್ಳುವುದಿಲ್ಲ. ಗೆದ್ದಲು ಉತ್ತರಿಸದ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ತನಗೇ ಏಕೆ, ಈಗಲೇ ಏಕೆ ಎಂಬ ಪ್ರಶ್ನೆ ಕಷ್ಟ ಬಂದಾಗ ಯಾವ ನಾಡಿನ ಮನುಷ್ಯನನ್ನೂ ಕಾಡುತ್ತದೆ. ಕರ್ಮ, ಹಣೆಬರಹ, ಗ್ರಹಚಾರ, ದೈವೇಚ್ಛೆ ಎಂಬ ಉತ್ತರಗಳೂ ಇದೇ ಪ್ರಶ್ನೆಗೆ ಕೊಟ್ಟವು.

ಮಾಟ ಮಾಡಿದವರು ಯಾರೆಂದು ತಿಳಿಯಲು ಅಜಾಂಡೆಯರು ಬೆಂಗೆ ಎಂಬ ವಿಷವನ್ನು ಕೋಳಿಮರಿಗೆ ಕುಡಿಸಿ ಪ್ರಶ್ನೆ ಕೇಳುತ್ತಿದ್ದರು. ಮರಿ ಸತ್ತರೆ ಒಂದು ಉತ್ತರ, ಬದುಕಿದರೆ ಇನ್ನೊಂದು. ಒಂದು ಮರಿಯಿಂದ ಬಂದ ಉತ್ತರವನ್ನು ಇನ್ನೊಂದು ಮರಿಯ ಮೇಲೆ ತಿರುಗುಮುರುಗಾಗಿ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಿದ್ದರು. ಎರಡೂ ತಾಳೆಯಾಗದಿದ್ದರೆ ವಿಷ ಕೆಟ್ಟಿತ್ತು, ನಿಷೇಧ ಮುರಿದಿತ್ತು, ಬೇರೆ ಮಾಟ ಅಡ್ಡ ಬಂದಿತ್ತು ಎಂಬ ಸಮಾಧಾನಗಳು ಸಿದ್ಧವಿದ್ದವು. ಹೆಸರು ಗೊತ್ತಾದ ಮೇಲೆ ಕೋಳಿಯ ರೆಕ್ಕೆಯನ್ನು ಆಪಾದಿತನ ಮನೆಗೆ ಕಳಿಸುತ್ತಿದ್ದರು. ಅವನು ಅದರ ಮೇಲೆ ಬಾಯಿಂದ ನೀರು ಚಿಮುಕಿಸಿ, ತನಗೆ ತಿಳಿಯದೆ ಏನಾದರೂ ಆಗಿದ್ದರೆ ಅದು ತಣ್ಣಗಾಗಲಿ ಎಂದು ಹೇಳಿದರೆ ಪ್ರಕರಣ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಮನಸ್ಸಿನಲ್ಲಿ ಕುದಿಯುತ್ತಿದ್ದ ಹಗೆತನ ಬಹಿರಂಗಕ್ಕೆ ಬಂದು, ಮರ್ಯಾದೆ ಕೆಡದಂತೆ ಶಮನವಾಗುವ ದಾರಿ ಇದು. ಕೋಳಿಮರಿಯ ಈ ವಿಷಪರೀಕ್ಷೆಯನ್ನೇ ಅನುಸರಿಸಿ ತಾನೂ ಮನೆಯ ವ್ಯವಹಾರ ನಡೆಸಿದ್ದಾಗಿಯೂ, ಬೇರೆ ಯಾವ ವಿಧಾನಕ್ಕೂ ಅದು ಕಡಿಮೆಯೆನಿಸಲಿಲ್ಲವೆಂದೂ ಇವಾನ್ಸ್-ಪ್ರಿಚರ್ಡ್ ದಾಖಲಿಸಿದ್ದಾರೆ. ಹಾಗಿದ್ದೂ ಅಜಾಂಡೆಯರು ಭಾವಿಸುವಂಥ ಮಾಟ ನಿಜದಲ್ಲಿ ಇರಲಾರದು ಎಂಬ ತಮ್ಮ ಅಭಿಪ್ರಾಯವನ್ನು ಅವರು ಮುಚ್ಚಿಡಲಿಲ್ಲ.

ಅಳತೆಗೋಲು ಯಾರದು

ಈ ಕೊನೆಯ ಮಾತೇ ತತ್ತ್ವಶಾಸ್ತ್ರಜ್ಞರ ವಾದಕ್ಕೆ ಕಿಡಿ ಹೊತ್ತಿಸಿತು. ಬ್ರಿಟಿಷ್ ಚಿಂತಕ ಪೀಟರ್ ವಿಂಚ್ 1964ರಲ್ಲಿ ಬರೆದ ಪ್ರಬಂಧದಲ್ಲಿ ಇವಾನ್ಸ್-ಪ್ರಿಚರ್ಡರ ವಿವರಣೆಯನ್ನು ಮೆಚ್ಚಿಕೊಂಡು, ಅವರ ತೀರ್ಪನ್ನು ತಿರಸ್ಕರಿಸಿದರು. ವಿಜ್ಞಾನ ವಾಸ್ತವಕ್ಕೆ ಒಪ್ಪುತ್ತದೆ, ಮಾಟ ಒಪ್ಪುವುದಿಲ್ಲ ಎನ್ನುವಾಗ ಯಾವುದು ವಾಸ್ತವ, ಯಾವುದು ಅಲ್ಲ ಎಂಬ ಭೇದವನ್ನೇ ವಿಜ್ಞಾನದ ಬಳಕೆಯಿಂದ ತಂದು ಅಜಾಂಡೆಯರ ಮೇಲೆ ಹೇರಿದಂತಾಗುತ್ತದೆ ಎಂಬುದು ಅವರ ಆಕ್ಷೇಪ. ಬೆಳೆಗಾಗಿ ನಡೆಸುವ ವಿಧಿಯನ್ನು ಬೆಳೆ ಹೆಚ್ಚಿಸುವ ತಂತ್ರವೆಂದು ನೋಡಿದರೆ ಅದು ಸೋತ ತಂತ್ರ. ಬೆಳೆ ಮನುಷ್ಯನ ಕೈಮೀರಿದ್ದು, ಅದು ಕೈಕೊಟ್ಟರೂ ಬದುಕು ಅರ್ಥಹೀನವಾಗಬಾರದು ಎಂಬ ಅರಿವನ್ನು ಬಾಳಿನಲ್ಲಿ ನೆಲೆಗೊಳಿಸುವ ಬಗೆಯೆಂದು ನೋಡಿದರೆ ಅದರ ಘನತೆ ತಿಳಿಯುತ್ತದೆ. ಭಕ್ತನ ಪ್ರಾರ್ಥನೆಯೂ ಹಾಗೆಯೇ ಎಂದು ವಿಂಚ್ ವಾದಿಸಿದರು: ಬೇಡಿದ್ದು ಸಿಗಲಿ ಬಿಡಲಿ, ನಿನ್ನ ಚಿತ್ತ ಎನ್ನುವವನು ಬೇಡಿಕೆಯ ಹಂಗಿನಿಂದಲೇ ಬಿಡುಗಡೆ ಹೊಂದಿರುತ್ತಾನೆ.

ವಿಂಚ್‌ ಅವರ ಹಿಂದೆ ಲುಡ್ವಿಗ್ ವಿಟ್‌ಗೆನ್‌ಸ್ಟೈನರ ಚಿಂತನೆಯಿತ್ತು. ಫ್ರೇಜರನ ಗ್ರಂಥ ಓದಿ ಅವರು 1931ರಿಂದ ಬರೆದಿಟ್ಟ ಟಿಪ್ಪಣಿಗಳು 1967ರಲ್ಲಿ ಪ್ರಕಟವಾದವು. ಫ್ರೇಜರ್ ವಿವರಿಸುವ, ಮಳೆ ತರಿಸುವನೆನ್ನಲಾದ ‘ಮಳೆರಾಜ’ನ ಬಳಿ ಜನ ಮಳೆ ಕೇಳಲು ಹೋಗುವುದು ಮಳೆಗಾಲ ಸಮೀಪಿಸಿದಾಗ. ಅವನು ನಿಜಕ್ಕೂ ಮಳೆ ತರಿಸುವನೆಂದು ನಂಬಿದ್ದರೆ ನೆಲ ಬಿರಿದ ಬೇಸಗೆಯಲ್ಲೇ ಹೋಗುತ್ತಿದ್ದರು ಎಂದು ಅವರು ಗುರುತಿಸಿದರು. ಪ್ರೀತಿಪಾತ್ರರ ಚಿತ್ರಕ್ಕೆ ಮುತ್ತಿಡುವವರು ಅದರಿಂದ ಚಿತ್ರದಲ್ಲಿರುವವರ ಮೇಲೆ ಪರಿಣಾಮವಾಗುತ್ತದೆಂಬ ಸಿದ್ಧಾಂತವನ್ನು ಇಟ್ಟುಕೊಂಡಿರುವುದಿಲ್ಲ.

ಎದುರುವಾದಗಳೂ ಬಲವಾಗಿಯೇ ಬಂದವು. ನೈಜೀರಿಯಾದಲ್ಲಿ ಬಹುಕಾಲ ಬಾಳಿದ ರಾಬಿನ್ ಹಾರ್ಟನ್ 1967ರಲ್ಲಿ, ಆಫ್ರಿಕಾದ ಸಾಂಪ್ರದಾಯಿಕ ಚಿಂತನೆಯೂ ವಿಜ್ಞಾನದಂತೆ ಕಾಣದ ಶಕ್ತಿಗಳಿಂದ ಕಾಣುವ ಲೋಕವನ್ನು ವಿವರಿಸುವ ಸಿದ್ಧಾಂತವೇ ಎಂದರು. ಪರ್ಯಾಯ ವಿವರಣೆಗಳ ಅರಿವು ಇದೆಯೋ ಇಲ್ಲವೋ ಎಂಬುದು ಅವರ ಪ್ರಕಾರ ಎರಡರ ನಡುವಿನ ಮುಖ್ಯ ವ್ಯತ್ಯಾಸ. ಈ ವಾದದಲ್ಲಿ ಆ ಜನರಿಗೆ ಒಂದು ಗೌರವವಿದೆ: ಅವರು ಮಳೆ ಬರಲೆಂದು ಬೇಡಿಕೊಳ್ಳುತ್ತೇವೆ ಎಂದಾಗ ಅವರ ಮಾತನ್ನು ಹಾಗೆಯೇ ತೆಗೆದುಕೊಳ್ಳಬೇಕು, ಅದಕ್ಕೆ ನಯವಾದ ಸಾಂಕೇತಿಕ ಅರ್ಥ ಹಚ್ಚಿ ಕಾಪಾಡುವ ಅಗತ್ಯವಿಲ್ಲ. ‘ಧರ್ಮವನ್ನು ಅರಿಯುವುದೂ ನಂಬುವುದೂ ಒಟ್ಟಿಗೆ ಸಾಧ್ಯವೇ’ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು 1964ರಲ್ಲಿ ಬರೆದ ಅಲಸ್ಡೇರ್ ಮ್ಯಾಕಿಂಟೈರ್, ಪರಿಕಲ್ಪನೆಗಳಿಗೂ ಅವುಗಳ ಅಳತೆಗೋಲುಗಳಿಗೂ ಚರಿತ್ರೆಯಿದೆ ಎಂದು ನೆನಪಿಸಿದರು. ಒಂದು ಸಮಾಜ ತನ್ನ ಆಚರಣೆಗೆ ಕೊಡುವ ಅರ್ಥ ಕಾಲಾಂತರದಲ್ಲಿ ಸವೆದು ಹೋಗಬಹುದು; ಒಳಗಿನವರ ವಿವರಣೆಯನ್ನೇ ಕೊನೆಯ ಮಾತೆಂದು ಒಪ್ಪಿದರೆ ಆ ಸವೆತ ಕಾಣುವುದೇ ಇಲ್ಲ.

ಈ ವಾದ ಇನ್ನೂ ತೀರ್ಮಾನವಾಗಿಲ್ಲ. ಆದರೆ ವಾದಿಸಿದವರಲ್ಲಿ ಬಹುತೇಕರು ಆಧಾರಕ್ಕೆ ಹಿಂದಿರುಗಿದ್ದು ಒಬ್ಬ ಕ್ಷೇತ್ರಕಾರ್ಯಕರ್ತ ತಾಳ್ಮೆಯಿಂದ ಬರೆದಿಟ್ಟ ಕಣಜ, ಕೋಳಿಮರಿ, ರೆಕ್ಕೆಗಳ ವಿವರಕ್ಕೆ.

ನಂಬಿಕೆ ನೆಲೆಸುವ ಜಾಗ

ಮೇಲಿನ ಚರ್ಚೆ ನಂಬಿಕೆಯೆಂದರೆ ಮನಸ್ಸಿನಲ್ಲಿ ಇಟ್ಟುಕೊಂಡ ಒಂದು ಹೇಳಿಕೆ ಎಂದು ಭಾವಿಸಿಕೊಂಡಂತಿದೆ. ಜನಾಂಗ ಅಧ್ಯಯನಗಳು ಈ ಭಾವನೆಯನ್ನೂ ಅಲುಗಿಸಿವೆ. ದಕ್ಷಿಣ ಸುಡಾನಿನ ಡಿಂಕಾ ಜನರ ಧರ್ಮವನ್ನು ಕುರಿತು ಗಾಡ್‌ಫ್ರೆ ಲೀನ್‌ಹಾರ್ಟ್ 1961ರಲ್ಲಿ ಬರೆದ ಕೃತಿಯಲ್ಲಿ ಒಂದು ಚಿಕ್ಕ ರೂಢಿಯ ಪ್ರಸ್ತಾಪವಿದೆ. ಊಟದ ಹೊತ್ತಿಗೆ ಮನೆ ಸೇರಲು ಅವಸರದಲ್ಲಿರುವ ದಾರಿಹೋಕ ದಾರಿಬದಿಯ ಹುಲ್ಲನ್ನು ಗಂಟು ಹಾಕುತ್ತಾನೆ. ತಾನು ತಲಪುವ ತನಕ ಅಡುಗೆ ತಡವಾಗಲಿ ಎಂಬುದು ಆಶಯ. ಗಂಟು ಹಾಕಿದ ಮೇಲೆ ಅವನು ನಿಧಾನವಾಗಿ ನಡೆಯುವುದಿಲ್ಲ, ಹೆಜ್ಜೆ ಇನ್ನಷ್ಟು ಬಿರುಸಾಗುತ್ತದೆ. ಗಂಟಿನಿಂದ ಅಡುಗೆ ನಿಲ್ಲುತ್ತದೆಂದು ನಂಬಿದ್ದಾನೆಯೇ ಎಂದು ಕೇಳುವುದು ಇಲ್ಲಿ ದಡ್ಡ ಪ್ರಶ್ನೆ. ಅವನ ಮನಸ್ಸಿನ ಬಯಕೆ ಕೈಯಲ್ಲಿ ರೂಪ ತಾಳಿ ಅವನ ನಡಿಗೆಯನ್ನೇ ಹುರಿಗೊಳಿಸಿದೆ.

ಇವಾನ್ಸ್-ಪ್ರಿಚರ್ಡರ 1956ರ ‘ನ್ಯೂಅರ್ ರಿಲಿಜನ್’ ಇಂಥದೇ ಇನ್ನೊಂದು ಸಂಗತಿಯನ್ನು ಹೇಳುತ್ತದೆ. ನ್ಯೂಅರ್ ಜನ ಬಲಿ ಕೊಡಲು ಎತ್ತು ಇಲ್ಲದಾಗ ಒಂದು ಬಗೆಯ ಕಾಡುಸೌತೆಯನ್ನು ಎತ್ತಿನ ಬದಲು ಅರ್ಪಿಸುತ್ತಾರೆ, ಆ ಹೊತ್ತಿಗೆ ಅದನ್ನು ಎತ್ತೆಂದೇ ಕರೆಯುತ್ತಾರೆ. ಎತ್ತನ್ನು ಸೌತೆಯೆಂದು ಯಾರೂ ಕರೆಯುವುದಿಲ್ಲ. ಗೊಂದಲಗೊಂಡ ಬುದ್ಧಿಯ ಮಾತಾಗಿದ್ದರೆ ಸಮೀಕರಣ ಎರಡೂ ದಿಕ್ಕಿಗೆ ನಡೆಯಬೇಕಿತ್ತು. ಅರ್ಪಿಸುವವನ ಮನಸ್ಸಿನಲ್ಲಿ, ದೇವರ ಎದುರಿನಲ್ಲಿ ಮಾತ್ರ ಅದು ಎತ್ತು. ಉಳ್ಳವರು ಉಳ್ಳದ್ದನ್ನು, ಇಲ್ಲದವರು ಹೂವನ್ನೋ ಎಲೆಯನ್ನೋ ಇಟ್ಟು ಕೈಮುಗಿಯುವ ನಾಡಿನವರಿಗೆ ಇದು ಕೂಡಲೇ ಅರ್ಥವಾಗುವ ಸಂಗತಿ.

ತಲಾಲ್ ಅಸದ್ 1993ರ ‘ಜೀನಿಯಾಲಜೀಸ್ ಆಫ್ ರಿಲಿಜನ್’ ಗ್ರಂಥದಲ್ಲಿ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದರು. ಧರ್ಮವೆಂದರೆ ಮೊದಲು ಅಂತರಂಗದ ನಂಬಿಕೆ, ಆಮೇಲೆ ಅದರ ಹೊರರೂಪವಾಗಿ ಆಚರಣೆ ಎಂಬ ಕ್ರಮ ಸಾರ್ವತ್ರಿಕವಲ್ಲ. ಯೂರೋಪಿನ ಕ್ರೈಸ್ತ ಚರಿತ್ರೆಯ ಒಂದು ಘಟ್ಟದಲ್ಲಿ, ಪ್ರಾಟೆಸ್ಟಂಟ್ ಸುಧಾರಣೆಯ ನಂತರ, ಅದು ಬಲಗೊಂಡಿತು. ಉಪವಾಸ, ಜಪ, ಶುದ್ಧಿ, ಸೇವೆಗಳ ಶಿಸ್ತಿನಿಂದ ಮನಸ್ಸು ರೂಪುಗೊಳ್ಳುವ ಪರಂಪರೆಗಳಲ್ಲಿ ಆಚರಣೆಯೇ ಮೊದಲು. ಅಸದ್ ಅವರ ಟೀಕೆ ನೇರವಾಗಿ ತಟ್ಟಿದ್ದು ಕ್ಲಿಫರ್ಡ್ ಗೀರ್ಟ್ಜ್ ಅವರಿಗೆ. ಧರ್ಮವನ್ನು ಸಂಕೇತಗಳ ವ್ಯವಸ್ಥೆಯೆಂದು 1966ರಲ್ಲಿ ನಿರೂಪಿಸಿದವರು ಗೀರ್ಟ್ಜ್. ಒಂದು ಕ್ರಿಯೆಯ ಸುತ್ತ ಹೆಣೆದುಕೊಂಡ ಅರ್ಥಗಳ ಪದರಗಳನ್ನು ಬಿಡಿಸಿ ತೋರಿಸುವ ದಟ್ಟ ವಿವರಣೆಯೇ ಜನಾಂಗ ಅಧ್ಯಯನದ ಜೀವ ಎಂದು 1973ರಲ್ಲಿ ಹೇಳಿದವರೂ ಅವರೇ. ಅವರ ವಿಧಾನ ಉಳಿಯಿತು. ಅರ್ಥದ ಜೊತೆಗೆ ಅಧಿಕಾರ, ಶಿಸ್ತು, ಚರಿತ್ರೆಗಳನ್ನೂ ನೋಡಬೇಕೆಂಬ ತಿದ್ದುಪಡಿ ಅದಕ್ಕೆ ಸೇರಿತು.

ತಮ್ಮ ನಾಡನ್ನೇ ಅಭ್ಯಾಸ ಮಾಡುವುದು

ಹೊರಗಿನವರಿಗೆ ಅರಿಯುವುದು ಕಷ್ಟವಾದರೆ ಒಳಗಿನವರಿಗೆ ಸುಲಭವೇ? ಈ ಪ್ರಶ್ನೆಗೆ ಕರ್ನಾಟಕ ಒಂದು ಮುಖ್ಯ ಉದಾಹರಣೆ ಕೊಟ್ಟಿದೆ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸ್ ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರ ಶಿಷ್ಯರಾಗಿ, ಆಮೇಲೆ ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಮತ್ತು ಇವಾನ್ಸ್-ಪ್ರಿಚರ್ಡರ ಕೈಕೆಳಗೆ ಅಭ್ಯಾಸ ಮಾಡಿದರು. ಕೊಡವರ ಧರ್ಮವನ್ನು ಕುರಿತ ಅವರ ಗ್ರಂಥ 1952ರಲ್ಲಿ ಹೊರಬಂತು. ಒಕ್ಕವೆಂಬ ಅವಿಭಕ್ತ ಕುಟುಂಬದ ಹಿರಿಯರ ಆರಾಧನೆ, ಹುತ್ತರಿ ಹಬ್ಬದ ಕದಿರು ಕೊಯ್ಲು, ಊರ ದೇವರ ಹಬ್ಬಗಳು ಒಕ್ಕ, ಊರು, ನಾಡು ಎಂಬ ಒಂದರ ಮೇಲೊಂದು ನಿಂತ ಒಗ್ಗಟ್ಟಿನ ಹಂತಗಳನ್ನು ಹೇಗೆ ಕಟ್ಟಿ ನಿಲ್ಲಿಸುತ್ತವೆ ಎಂಬುದನ್ನು ಅದು ಬಿಡಿಸಿ ತೋರಿಸಿತು. ಕೆಳಜಾತಿಗಳು ಮೇಲುಜಾತಿಗಳ ಆಚಾರಗಳನ್ನು ಅನುಸರಿಸುವ ಸಂಸ್ಕೃತೀಕರಣ ಎಂಬ ಪರಿಕಲ್ಪನೆ ಭಾರತದ ಸಮಾಜಶಾಸ್ತ್ರದಲ್ಲಿ ನೆಲೆಯೂರಿದ್ದು ಈ ಗ್ರಂಥದಿಂದ. ಇದರ ಮಿತಿಯೂ ಸ್ಪಷ್ಟ: ಹಬ್ಬದಿಂದ ಊರು ಒಂದಾಗುತ್ತದೆ ಎಂಬ ವಿವರಣೆ ಎಷ್ಟೇ ನಿಜವಾದರೂ ಹಬ್ಬ ಮಾಡುವವರು ಊರು ಒಂದಾಗಲೆಂದು ಕಾವೇರಮ್ಮನಿಗೆ ಕೈಮುಗಿಯುವುದಿಲ್ಲ. ಧರ್ಮದಿಂದ ಏನು ನಡೆಯುತ್ತದೆ ಎಂಬ ಉತ್ತರ, ಧರ್ಮ ಅವರಿಗೆ ಏನಾಗಿದೆ ಎಂಬ ಪ್ರಶ್ನೆಯನ್ನು ತೀರಿಸುವುದಿಲ್ಲ.

1948ರಲ್ಲಿ ಶ್ರೀನಿವಾಸ್ ಮೈಸೂರು ಸಮೀಪದ ಒಂದು ಹಳ್ಳಿಯಲ್ಲಿ ನೆಲೆಸಿದರು. ಬರಹದಲ್ಲಿ ಅದಕ್ಕೆ ರಾಮಪುರ ಎಂದು ಹೆಸರಿಟ್ಟರು. ಅಲ್ಲಿಯ ಸಂಸ್ಕರಿಸಿದ ಟಿಪ್ಪಣಿಗಳೆಲ್ಲ 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು. ನೆನಪನ್ನೇ ಮುಖ್ಯವಾಗಿ ಆಧರಿಸಿ ಬರೆದ ‘ದ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಭಾಷೆ, ನಾಡು, ಊಟ ಎಲ್ಲವೂ ಅವರಿಗೆ ಪರಿಚಿತ. ಆದರೂ ಹಳ್ಳಿಯವರ ಕಣ್ಣಿಗೆ ಅವರು ಪಟ್ಟಣದಿಂದ ಬಂದ ಬ್ರಾಹ್ಮಣ. ಅದಕ್ಕೆ ತಕ್ಕ ಆಚಾರವನ್ನೇ ಹಿರಿಯರು ಅವರಿಂದ ನಿರೀಕ್ಷಿಸಿದರು. ಮೇಲುಜಾತಿಯ ಮುಖಂಡರ ಸ್ನೇಹ ಅವರಿಗೆ ಎಷ್ಟು ಬಾಗಿಲು ತೆರೆಯಿತೋ ಹೊಲಗೇರಿಯ ಕಡೆಗಿನ ಬಾಗಿಲನ್ನು ಅಷ್ಟೇ ಕಿರಿದಾಗಿಸಿತು. ಈ ಕೊರತೆಯನ್ನು ಅವರೇ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಒಳಗಿನವರೆಂಬುದು ಒಂದೇ ಜಾಗವಲ್ಲ. ಜಾತಿ, ಲಿಂಗ, ವರ್ಗಗಳಿಗೆ ತಕ್ಕಂತೆ ಒಂದೇ ಗುಡಿ ಗರ್ಭಗುಡಿಯ ಬಳಿ ನಿಂತವರಿಗೂ ಹೊರಗೆ ನಿಂತವರಿಗೂ ಬೇರೆ ಬೇರೆಯಾಗಿ ಕಾಣುತ್ತದೆ. ಯಾರ ಪಕ್ಕದಲ್ಲಿ ನಿಂತು ನೋಡಿದ್ದು ಎಂದು ಹೇಳದ ವರ್ಣನೆ ಅರ್ಧ ವರ್ಣನೆ.

ಮೈಮೇಲೆ ಬರುವಾಗ

ನಂಬದವರ ಅರಿವಿಗೆ ಅತಿ ಕಠಿಣ ಪರೀಕ್ಷೆ ಒಡ್ಡುವುದು ದೈವ ಮೈಮೇಲೆ ಬರುವ ಆಚರಣೆಗಳು. ತುಳುನಾಡಿನ ಸಿರಿಜಾತ್ರೆಗಳಲ್ಲಿ ನೂರಾರು ಹೆಂಗಸರು ಒಟ್ಟಿಗೆ ಆವೇಶಕ್ಕೆ ಒಳಗಾಗಿ ಸಿರಿ, ಸೊನ್ನೆ, ಅಬ್ಬಗ, ದಾರಗ ಎಂಬ ಒಂದೇ ವಂಶದ ಹೆಣ್ಣುಗಳಾಗಿ ಮಾತಾಡುತ್ತಾರೆ. ಸಿರಿಯ ಮಗ ಕುಮಾರನ ಪಾತ್ರದಲ್ಲಿರುವ ಗಂಡಸರು ಅವರೊಡನೆ ಸಂವಾದ ನಡೆಸುತ್ತಾರೆ. ಅನ್ಯಾಯ ಮಾಡಿದ ಗಂಡನನ್ನು ಬಿಟ್ಟು ಹೊರಟ ಸಿರಿಯ ಕಥೆಯೇ ಈ ಆಚರಣೆಯ ಬೆನ್ನೆಲುಬು. ಅಮೆರಿಕದ ಪೀಟರ್ ಕ್ಲಾಸ್ 1970ರ ದಶಕದಲ್ಲಿ ಈ ಕಥೆ ಮತ್ತು ಆಚರಣೆಯನ್ನು ತಾಯಿಯ ಕಡೆಯಿಂದ ವಂಶ ಎಣಿಸುವ ತುಳುವರ ಅಳಿಯಕಟ್ಟಿನ ಬಂಧುತ್ವದ ಹಿನ್ನೆಲೆಯಲ್ಲಿಟ್ಟು ಅಭ್ಯಾಸ ಮಾಡಿದರು. ಫಿನ್‌ಲ್ಯಾಂಡಿನ ಲೌರಿ ಹಾಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನ್ನೆಲಿ ಹಾಂಕೊ ಅವರೊಡನೆ ಸೇರಿ 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಧ್ವನಿಮುದ್ರಿಸಿದರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಗೋಪಾಲ ನಾಯ್ಕರು ಕೃಷಿಕರು, ಜೊತೆಗೆ ಸಿರಿ ಆಚರಣೆಯನ್ನು ಮುನ್ನಡೆಸುವ ಕುಮಾರ. ಬರಿಯ ಮಾಹಿತಿದಾರರಾಗಿ ಅಲ್ಲ, ಕವಿಯಾಗಿ ಅವರ ಹೆಸರು ಗ್ರಂಥದಲ್ಲಿ ನಿಂತಿದೆ.

ಆವೇಶವನ್ನು ಮನೋರೋಗವೆನ್ನುವ ವಿವರಣೆ ಅದರ ಕಾರಣವನ್ನು ಹುಡುಕುತ್ತದೆ. ಆ ಹೊತ್ತಿನಲ್ಲಿ ಏನು ನುಡಿಯಲಾಗುತ್ತಿದೆ, ಯಾರು ಕೇಳಿಸಿಕೊಳ್ಳುತ್ತಿದ್ದಾರೆ, ಮರುದಿನ ಮನೆಯಲ್ಲಿ ಏನು ಬದಲಾಗುತ್ತದೆ ಎಂದು ಜನಾಂಗ ಅಧ್ಯಯನ ಕೇಳುತ್ತದೆ. ಗಂಡನ ಮನೆಯಲ್ಲಿ ಬಾಯಿ ಬಿಡಲಾಗದ ಹೆಣ್ಣು ಸಿರಿಯಾಗಿ ತನ್ನ ನೋವು ಹೇಳಿಕೊಂಡಾಗ ಮನೆಯವರು ಕೈಮುಗಿದು ನಿಂತು ಕೇಳಬೇಕಾಗುತ್ತದೆ. ದೈವವನ್ನು ಆವಾಹಿಸಿ ಕುಣಿಯುವ ಭೂತಕೋಲದಲ್ಲಿ ಪಂಬದ, ಪರವ, ನಲಿಕೆ ಸಮುದಾಯಗಳ ದೈವನರ್ತಕರ ಬಾಯಿಂದ ಬಂದ ನುಡಿಗೆ ಊರಿನ ಹಿರಿಮನೆಯಾದ ಗುತ್ತಿನ ಮನೆಯ ಯಜಮಾನರು ತಲೆಬಾಗುತ್ತಾರೆ. ಕೋಲ ಮುಗಿದ ಮೇಲೆ ಹಳೆಯ ಮೇಲುಕೀಳು ಮತ್ತೆ ಬರುತ್ತದೆ ಎಂಬುದೂ ಅಷ್ಟೇ ನಿಜ. ಈ ಎರಡನ್ನೂ ಒಟ್ಟಿಗೆ ಹಿಡಿದು ಹೇಳಬಲ್ಲದ್ದು ದೀರ್ಘಕಾಲದ ಸಮೀಪದ ಅಧ್ಯಯನ ಮಾತ್ರ. ದೈವ ನಿಜವಾಗಿಯೂ ಬಂದಿತೇ ಎಂಬ ಪ್ರಶ್ನೆಗೆ ಅದು ಉತ್ತರಿಸುವುದಿಲ್ಲ. ದೈವ ಬಂದಿದೆಯೆಂದು ಒಪ್ಪಿದ ಊರಿನಲ್ಲಿ ಆ ನುಡಿಗೆ ಇರುವ ತೂಕವನ್ನು ಅದು ಇದ್ದಂತೆ ಕಾಣಿಸುತ್ತದೆ.

ಅಧ್ಯಯನಕಾರರ ನಂಬಿಕೆ

ಹಾಗಾದರೆ ಅಧ್ಯಯನಕಾರರು ತಮ್ಮ ನಂಬಿಕೆಯನ್ನು ಎಲ್ಲಿಡಬೇಕು? ಸಮಾಜಶಾಸ್ತ್ರಜ್ಞ ಪೀಟರ್ ಬರ್ಗರ್ 1967ರಲ್ಲಿ, ಅಧ್ಯಯನದ ಮಟ್ಟಿಗೆ ಧರ್ಮವನ್ನು ಮನುಷ್ಯನಿರ್ಮಿತವೆಂದೇ ಇಟ್ಟುಕೊಳ್ಳುವ ವೈಧಾನಿಕ ನಾಸ್ತಿಕತೆಯನ್ನು ಸೂಚಿಸಿದರು. ದೇವರ ಇರವನ್ನು ಒಪ್ಪದೆ, ಅಲ್ಲಗಳೆಯದೆ ಪಕ್ಕಕ್ಕಿಡುವ ವೈಧಾನಿಕ ಅಜ್ಞೇಯವಾದ ಹೆಚ್ಚು ನ್ಯಾಯವೆಂದು ನಿನಿಯನ್ ಸ್ಮಾರ್ಟ್ ವಾದಿಸಿದರು. ಇವೆರಡೂ ಶಿಸ್ತಿನ ನಿಯಮಗಳು. ಕ್ಷೇತ್ರದಲ್ಲಿ ಬದುಕು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಇವಾನ್ಸ್-ಪ್ರಿಚರ್ಡ್ 1944ರಲ್ಲಿ ಕ್ಯಾಥೊಲಿಕ್ ಧರ್ಮಕ್ಕೆ ಸೇರಿದರು. ನ್ಯೂಅರ್ ಧರ್ಮದ ಗ್ರಂಥವನ್ನು ಮುಗಿಸುವಾಗ, ಆಚರಣೆಯ ಆಚೆಗಿನ ಅಂತರಂಗದ ಅನುಭವದ ಬಳಿ ಮಾನವಶಾಸ್ತ್ರಜ್ಞನ ಕೆಲಸ ಮುಗಿದು ದೇವತಾಶಾಸ್ತ್ರಜ್ಞನ ಕೆಲಸ ಶುರುವಾಗುತ್ತದೆ ಎಂದು ಒಪ್ಪಿಕೊಂಡರು. ಎಡಿತ್ ಟರ್ನರ್ 1985ರಲ್ಲಿ ಜಾಂಬಿಯಾದ ಎನ್‌ಡೆಂಬು ಜನರ ಚಿಕಿತ್ಸಾವಿಧಿಯಲ್ಲಿ ಪಾಲ್ಗೊಂಡಾಗ ರೋಗಿಯ ಬೆನ್ನಿನಿಂದ ಬೂದುಬಣ್ಣದ ಉಂಡೆಯಂಥದ್ದು ಹೊರಬಂದುದನ್ನು ಕಣ್ಣಾರೆ ಕಂಡೆನೆಂದು ಬರೆದರು. ಜನರ ಆತ್ಮಾನುಭವವನ್ನು ಸಂಕೇತವೆಂದು ಕರಗಿಸಿಬಿಡುವ ಅಭ್ಯಾಸವನ್ನು ಅಲ್ಲಿಂದ ವಿರೋಧಿಸಿದರು.

ಫ್ರಾನ್ಸಿನ ಜೀನ್ ಫಾವ್ರೆ-ಸಾಡಾ ಅವರ ಅನುಭವ ಇನ್ನೂ ಬೋಧಪ್ರದ. ಪಶ್ಚಿಮ ಫ್ರಾನ್ಸಿನ ಬೊಕಾಜ್ ಪ್ರದೇಶದ ರೈತರ ಮಾಟದ ನಂಬಿಕೆಯನ್ನು ಅವರು 1969ರಿಂದ ಅಭ್ಯಾಸ ಮಾಡಿದರು. ಕೃತಿ 1977ರಲ್ಲಿ ಬಂತು. ಬರಿಯ ಕುತೂಹಲದಿಂದ ಕೇಳಿದಾಗ ಜನ ಅದೆಲ್ಲ ಹಿಂದಿನವರ ಮೂಢನಂಬಿಕೆಯೆಂದು ಜಾರಿಕೊಂಡರು. ಅವರನ್ನೇ ಮಾಟಕ್ಕೆ ಸಿಕ್ಕವರೆಂದೋ ಮಾಟ ತೆಗೆಯಬಲ್ಲವರೆಂದೋ ಭಾವಿಸಿದ ಮೇಲೆ ಮಾತ್ರ ಬಾಯಿ ಬಿಟ್ಟರು. ಮಾಟದ ಲೋಕದಲ್ಲಿ ಮಾತೇ ಅಸ್ತ್ರ. ಯಾವ ಪಾತ್ರವನ್ನೂ ಹೊರದೆ ಸುಮ್ಮನೆ ತಿಳಿದುಕೊಳ್ಳುವವರಿಗೆ ಅಲ್ಲಿ ಜಾಗವಿಲ್ಲ. ಕೆಲವು ನಂಬಿಕೆಗಳನ್ನು ದಡದಲ್ಲಿ ನಿಂತು ಅರಿಯಲಾಗದು, ಅವುಗಳ ಸುಳಿಗೆ ಒಂದಿಷ್ಟಾದರೂ ಮೈಯೊಡ್ಡಬೇಕಾಗುತ್ತದೆ. ಆಮೇಲೆ ಹೊರಬಂದು ಬರೆಯುವ ಕಸುವೂ ಬೇಕು.

ತೀರ್ಪಿನ ಹೊಣೆ

ಅರಿಯುವುದೆಂದರೆ ಎಲ್ಲವನ್ನೂ ಒಪ್ಪುವುದೇ ಎಂಬ ಪ್ರಶ್ನೆ ಉಳಿಯುತ್ತದೆ. ಕರ್ನಾಟಕದಲ್ಲಿ ಮೌಢ್ಯ ನಿಷೇಧ ಕಾಯ್ದೆಯೆಂದು ಹೆಸರಾದ ಶಾಸನ 2017ರಲ್ಲಿ ಅಂಗೀಕಾರಗೊಂಡು 2020ರಲ್ಲಿ ಜಾರಿಗೆ ಬಂತು. ಇತರರು ಉಂಡ ಎಲೆಗಳ ಮೇಲೆ ಉರುಳುವ ಮಡೆಸ್ನಾನದಂಥ ಪದ್ಧತಿಗಳನ್ನು ಅದು ನಿಷೇಧಿಸಿತು. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆಗಳಂಥವನ್ನು ನಿಷೇಧದಿಂದ ಹೊರಗಿಟ್ಟಿತು. ಈ ಗೆರೆ ಎಳೆಯಬೇಕಾದಾಗ ಆಚರಣೆಯೊಳಗಿನವರ ದನಿ ಬೇಕೇ ಬೇಕು. ಅಲ್ಲಿ ಯಾರು ಸ್ವಂತ ಹರಕೆಯಿಂದ ಬರುತ್ತಾರೆ, ಯಾರ ಮೇಲೆ ಒತ್ತಾಯವಿದೆ, ಯಾರ ಘನತೆ ಕುಂದುತ್ತದೆ, ಯಾರಿಗೆ ಬಿಡುಗಡೆ ಸಿಗುತ್ತದೆ ಎಂಬ ವಿವರವಿಲ್ಲದೆ ನೀಡುವ ತೀರ್ಪು ಹಳೆಯ ಪಿಶಾಚಾರಾಧನೆಯ ತಲೆಬರಹಕ್ಕಿಂತ ಮೇಲಾಗದು. ವಿವರವೆಲ್ಲ ಕೈಯಲ್ಲಿದ್ದೂ, ಎಲ್ಲವೂ ಅವರವರ ಸಂಸ್ಕೃತಿ ಎಂದು ಸುಮ್ಮನಾಗುವುದು ಅಲ್ಲಿಯ ದುರ್ಬಲರನ್ನು ಕೈಬಿಟ್ಟಂತೆ. ಇವಾನ್ಸ್-ಪ್ರಿಚರ್ಡ್ ತೋರಿದ ಕ್ರಮವೇ ಇಲ್ಲಿಯೂ ಸರಿ: ಮೊದಲು ಆ ಜನರ ತರ್ಕವನ್ನು ಅದರ ಪೂರ್ಣ ಬಲದಲ್ಲಿ ಕಾಣಿಸುವುದು, ಆಮೇಲೆ ತನ್ನ ಅಭಿಪ್ರಾಯವನ್ನು ತನ್ನದೆಂದೇ ಹೇಳುವುದು.

ಬರೆಯಲ್ಪಟ್ಟವರಿಗೂ ಹಕ್ಕುಗಳಿವೆ. ದೈವದ ಗುಟ್ಟು, ದೀಕ್ಷೆಯ ಮಂತ್ರ, ಮನೆಯ ಒಳಜಗಳ ಇವನ್ನು ನಂಬಿ ಹೇಳಿದವರ ಒಪ್ಪಿಗೆಯಿಲ್ಲದೆ ಅಚ್ಚು ಮಾಡುವುದು ವಿದ್ವತ್ತಲ್ಲ. ತಮ್ಮ ಬಗ್ಗೆ ಬರೆದದ್ದನ್ನು ಓದಿ ತಿದ್ದುವ, ಎದುರಾಡುವ, ತಾವೇ ಬರೆಯುವ ಅವಕಾಶ ಇಂದು ಅನೇಕ ಸಮುದಾಯಗಳಿಗೆ ದಕ್ಕಿದೆ. ಹಾಗೆ ಓದಬಲ್ಲವರ ಎದುರಿಗೆ ನಿಲ್ಲುವ ಬರಹವೇ ಒಳ್ಳೆಯ ಬರಹ.

ಮೊದಲ ಪ್ರಶ್ನೆಗೆ ಒಂದು ಶತಮಾನದ ಈ ಕೆಲಸ ಕೊಡುವ ಉತ್ತರ ಹೀಗಿದೆ. ಅನ್ಯರ ನಂಬಿಕೆಯನ್ನು ಅರಿಯಲು ಅದನ್ನು ನಂಬಲೇಬೇಕೆಂದಿಲ್ಲ. ನಂಬಿದ ಮಾತ್ರಕ್ಕೆ ಅರಿವು ಕೈಗೂಡುವುದೂ ಇಲ್ಲ. ಆ ನಂಬಿಕೆ ಹುಟ್ಟಿಸುವ ಭಯ, ಕೊಡುವ ಸಮಾಧಾನ, ಹೊರಿಸುವ ಕರ್ತವ್ಯಗಳ ನಡುವೆ ಸಾಕಷ್ಟು ಕಾಲ ಇರುವುದು, ತನ್ನ ಅಳತೆಗೋಲನ್ನೂ ಪರೀಕ್ಷೆಗೆ ಒಡ್ಡುವುದು, ಬರೆದದ್ದಕ್ಕೆ ಆ ಜನರ ಮುಂದೆ ಹೊಣೆಯಾಗುವುದು ಇವು ಮೂರೂ ಬೇಕು. ಹೀಗೆ ದೊರೆತ ಅರಿವು ಎಂದೂ ಪೂರ್ಣವಾಗಲಾರದು, ಆದರೆ ಅದು ನಿಜವಾದ ಅರಿವು. ಹಲವು ದೇವರು, ಹಲವು ದೈವಗಳ ನಡುವೆ ನೆರೆಹೊರೆಯಾಗಿ ಬಾಳುವ ಸಮಾಜಕ್ಕೆ ಅದರ ಅಗತ್ಯ ವಿದ್ವಾಂಸರಿಗಿಂತ ಹೆಚ್ಚಾಗಿ ಸಾಮಾನ್ಯ ಜನರಿಗೆ ಇದೆ.